ಗೋಣಿಯೊಳಗಿನ ತಲೆ

ಐವತ್ತು ದಾಟಿ, ಮೀಸೆ ನರೆತು, ಮಗಳ ಮದುವೆಯೂ ಆಗಿದ್ದರೂ ಊರಿನ ಪಾಲಿಗೆ ಅವನು ಇನ್ನೂ ‘ಮೊಮ್ಮಗ’ನೇ. ಅದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ. ತಾತನ ಹೆಸರಿನ ರಸ್ತೆಯಲ್ಲಿ, ತಾತನ ಪ್ರತಿಮೆ ಕಾಣುವ ಹಾಗೆ, ಅವನ ಪೋಷಾಕಿನ ಅಂಗಡಿಯಿತ್ತು. ನಾಟಕದವರಿಗೆ ಬೇಕಾದ ಕಿರೀಟ, ಪೇಟ, ಸೈನಿಕರ ಟೋಪಿ, ಋಷಿಗಳ ಜಟೆ ಎಲ್ಲವನ್ನೂ ಅವನೇ ಮಾಡಿ ಬಾಡಿಗೆಗೆ ಕೊಡುತ್ತಿದ್ದ. ಸಭೆಯೆಂದರೆ ಮುಂದಿನ ಸಾಲಿನಲ್ಲಿ ಅವನಿಗೊಂದು ಕುರ್ಚಿ. ಪ್ರತಿಮೆಗೆ ಹಾರ ಬಿದ್ದರೆ ಅವನ ಕೊರಳಿಗೂ ಒಂದು. ಕೈಕಾಲು ಆಡಿಸದೆ ಇಷ್ಟೆಲ್ಲ ಸಿಗುತ್ತಿರುವಾಗ ಮೊಮ್ಮಗನಾಗಿರುವುದಕ್ಕಿಂತ ಸುಖದ ಉದ್ಯೋಗ ಇನ್ಯಾವುದಿದೆ?

ಆ ಸುಖಕ್ಕೆ ಕಲ್ಲು ಹಾಕಿದವಳು ಮ್ಯೂಸಿಯಂ ಮೇಡಂ.

“ಅಣ್ಣ, ಮ್ಯೂಸಿಯಂನಲ್ಲಿರೋ ಆ ಗೋಣೀನ ಪರೀಕ್ಷೆಗೆ ಕಳಿಸ್ತಿದೀವಿ,” ಎಂದಳು ಒಂದು ಬೆಳಿಗ್ಗೆ ಅಂಗಡಿಗೇ ಬಂದು. “ಒಳಗೆ ಕೂದಲು ಅಂಟ್ಕೊಂಡಿರುತ್ತಂತೆ. ಊರಿನ ಎಲ್ಲಾ ಮನೆಯವರ ಎಂಜಲು ತಗೊಂಡು ಹೋಲಿಸಿದ್ರೆ ಯಾರದ್ದು ಅಂತ ಲ್ಯಾಬ್‌ನವರು ಹೇಳಿಬಿಡ್ತಾರೆ.”

“ಒಳ್ಳೇ ಕೆಲಸ ಕಣಮ್ಮ,” ಎಂದ ಮೊಮ್ಮಗ. ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟ.

ಪರಕೀಯರು ಆಳುತ್ತಿದ್ದ ಕಾಲದಲ್ಲಿ ಊರು ದಂಗೆಯೆದ್ದಿತ್ತು. ಆಗ ಬಂದ ದೊರೆ ಊರ ಸುತ್ತ ಮುಳ್ಳುತಂತಿ ಬಿಗಿಸಿ, ನಿಂತ ಪೈರಿಗೆ ಬೆಂಕಿ ಹಾಕಿಸಿ, ಗಂಡಸರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ. ತಲೆಯಿಂದ ಎದೆಯವರೆಗೆ ಗೋಣಿಚೀಲ ತೊಟ್ಟ, ಕಣ್ಣಿಗೆ ಎರಡು ತೂತು ಬಿಟ್ಟಿದ್ದ ಒಬ್ಬನನ್ನು ಆ ಸಾಲಿನ ಮುಂದೆ ನಡೆಸಲಾಯಿತು. ಅವನು ಯಾರೆದುರು ತಲೆಯಾಡಿಸಿದನೋ ಅವರು ಸೆರೆಶಿಬಿರಕ್ಕೆ ಹೋಗುವ ಲಾರಿ ಹತ್ತಬೇಕು. ಹತ್ತಿದವರಲ್ಲಿ ಬಹಳ ಮಂದಿ ಮರಳಲಿಲ್ಲ. ಇದು ಆ ಬೇಸಿಗೆಯುದ್ದಕ್ಕೂ ನಡೆಯಿತು. ಕೊನೆಗೆ ಪರಕೀಯರು ಗಂಟುಮೂಟೆ ಕಟ್ಟಿದರು. ಗೋಣಿ ಉಳಿಯಿತು, ಅದರೊಳಗಿನ ತಲೆ ಯಾರದೆಂಬ ಪ್ರಶ್ನೆಯೂ ಉಳಿಯಿತು.

ಉತ್ತರ ಸಿಗದಿದ್ದರೇನು, ಬೈಯುವುದಕ್ಕೆ ಒಬ್ಬ ಬೇಕಲ್ಲ. ಶಿಬಿರದಿಂದ ಮರಳಿದವರಲ್ಲಿ ಪೋಸ್ಟ್‌ಮ್ಯಾನ್‌ಗೆ ದೊರೆಯ ಭಾಷೆ ಓದಲು ಬರುತ್ತಿತ್ತು, ಅಷ್ಟೇ ಸಾಕಾಯಿತು. ಅವನ ಮನೆಗೆ ‘ಗೋಣಿಮನೆ’ ಎಂದು ಹೆಸರು ಬಿತ್ತು. ಊರಲ್ಲಿ ಆ ಮನೆಯ ಹೆಣ್ಣು ತರುವವರಿಲ್ಲ, ಗಂಡಿಗೆ ಹೆಣ್ಣು ಕೊಡುವವರಿಲ್ಲ. ಮ್ಯೂಸಿಯಂ ಮೇಡಂ ಆ ಪೋಸ್ಟ್‌ಮ್ಯಾನ್‌ನ ಮೊಮ್ಮಗಳು.

“ನಮ್ಮ ತಾತಂದೇ ಅಂತ ಬಂದ್ರೂ ಪರವಾಗಿಲ್ಲ ಅಣ್ಣ. ಗೊತ್ತಾದ್ರೆ ಸಾಕು,” ಎಂದು ಅವಳು ಹೊರಟುಹೋದಳು.

ಆದರೆ ಮೊಮ್ಮಗನಿಗೆ ಗೊತ್ತಿತ್ತು. ಶಿಬಿರದಿಂದ ಬದುಕಿ ಬಂದ ಶೂರನೆಂದು ಊರು ಹೊತ್ತು ಮೆರೆಸಿದ ತಾತ, ಸಾಯುವ ಮೊದಲು ಅವನ ಕೈ ಹಿಡಿದು ಹೇಳಿದ್ದು ಎರಡೇ ಮಾತು. “ಆ ಗೋಣಿ ಹಾಕ್ಕೊಂಡಿದ್ದು ನಾನು ಕಣೋ. ಯಾರಿಗೂ ಹೇಳ್ಬೇಡ.”

ಅವನು ಹೇಳಿರಲಿಲ್ಲ. ಈಗ ಗೋಣಿಯೇ ಹೇಳಲು ಹೊರಟರೆ ರಸ್ತೆಯ ಹೆಸರು ಹೋದೀತು, ಪ್ರತಿಮೆ ಉರುಳೀತು, ಅವನ ಅಂಗಡಿಯೇ ಹೊಸ ಗೋಣಿಮನೆಯಾದೀತು. ಒಂದು ದಿನ ಪೂರ್ತಿ ಹೆದರಿದ. ಮರುದಿನ ನಗು ಬಂತು. ಇಡೀ ಊರಿನಲ್ಲಿ ಆ ಗೋಣಿಯಂಥದೇ ಇನ್ನೊಂದನ್ನು ಮಾಡಬಲ್ಲವನು ಒಬ್ಬನೇ ಇದ್ದ, ಮತ್ತು ಅವನಿಗೇ ಅದು ಬೇಕಾಗಿತ್ತು!

ಹೊಸದನ್ನು ಹಳೆಯದು ಮಾಡುವುದು ಅವನ ಕಸುಬು. ಮ್ಯೂಸಿಯಂನಲ್ಲಿ ಮಾರುವ ಫೋಟೊ ತಂದು ಹೊಲಿಗೆ ಹೊಲಿಗೆಯನ್ನೂ ನೋಡಿದ. ಬಲಗಣ್ಣಿನ ತೂತು ಕೊಂಚ ಅಗಲ, ಎಡಗಡೆ ಅಂಚು ಹರಿದು ನೇತಾಡುತ್ತಿದೆ, ನೆತ್ತಿಯಲ್ಲಿ ಎಣ್ಣೆಯ ಕಲೆ. ಹಳೆಯ ಸೆಣಬಿನ ಚೀಲ ಹುಡುಕಿ ಕುದಿಸಿದ, ಮತ್ತೆ ಕುದಿಸಿದ, ಯಾವ ಜೀವಿಯ ಗುರುತೂ ಉಳಿಯದ ಹಾಗೆ. ಕೈಗೆ ಗವಸು ಹಾಕಿ, ತಲೆಗೆ ಬಟ್ಟೆ ಬಿಗಿದು ಹೊಲಿದ. ಬಣ್ಣ ಬರಲೆಂದು ಚಹದಲ್ಲಿ ಅದ್ದಿದ.

“ಏನ್ರೀ ಇದು, ಗೋಣಿಗೆ ಟೀ ಕುಡಿಸ್ತಿದೀರಾ?” ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು.

“ನಾಟಕಕ್ಕೆ ಕಣೆ. ಭಿಕ್ಷುಕನ ಪಾತ್ರ.”

“ನನಗೆ ಅರ್ಧ ಲೋಟ, ಭಿಕ್ಷುಕನಿಗೆ ಪಾತ್ರೆ ತುಂಬಾ! ಮುಂದಿನ ಜನ್ಮದಲ್ಲಿ ನಿಮ್ಮ ನಾಟಕದಲ್ಲಾದ್ರೂ ಹುಟ್ತೀನಿ.”

ಚಹ ಒಣಗಿದ ಮೇಲೆ ಇಟ್ಟಿಗೆಯಿಂದ ಉಜ್ಜಿ, ಬಿಸಿಲಿಗೆ ಹಾಕಿ, ನೆತ್ತಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ದೊರೆ ಎದ್ದು ಬಂದರೂ ಇದೇ ತನ್ನದೆಂದು ಒಯ್ಯುವಂತಿತ್ತು.

ಒಳಹೋಗುವ ದಾರಿ ಇನ್ನೂ ಸುಲಭ. ಮ್ಯೂಸಿಯಂನ ಗೊಂಬೆ ಸೈನಿಕರ ಸಮವಸ್ತ್ರಗಳನ್ನು ನುಸಿ ತಿಂದಿತ್ತು. “ಪುಕ್ಕಟೆ ಸರಿಮಾಡಿಕೊಡ್ತೀನಿ, ತಾತನ ಸೇವೆ,” ಎಂದ. ಮೇಡಂ ತಾನೇ ಗಾಜಿನ ಪೆಟ್ಟಿಗೆಯ ಬೀಗ ತೆಗೆದುಕೊಟ್ಟಳು. ಸೈನಿಕರ ನಡುವೆ, ಒಂದು ಮರದ ಕೋಲಿನ ಮೇಲೆ, ಆ ಗೋಣಿ ಕೂತಿತ್ತು. ಅವನು ಬೇಕೆಂದೇ ಶಾಲೆಯವರು ಬರುವ ದಿನ ಆರಿಸಿಕೊಂಡಿದ್ದ.

“ನಮ್ಮ ತಾತನ ಜೊತೆ ಊರೆಲ್ಲ ಮಾತು ಬಿಟ್ಟಿತ್ತಂತೆ. ಮಾತಾಡಿಸ್ತಿದ್ದೋರು ನಿಮ್ಮ ತಾತ ಒಬ್ರೇ ಅಂತ ಅಮ್ಮ ಹೇಳೋರು,” ಎಂದಳು ಅವಳು, ಬೀಗ ಕೈಯಲ್ಲಿ ಹಿಡಿದುಕೊಂಡೇ.

ಮೊಮ್ಮಗನಿಗೆ ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಆದರೆ ದರ್ಜಿಗೆ ಸೂಜಿಯ ಅಭ್ಯಾಸವಿರುತ್ತದೆ. ಇವಳಿಗೆ ನಾನೇನು ಹೊಸದಾಗಿ ಕೇಡು ಮಾಡುತ್ತಿಲ್ಲವಲ್ಲ, ಎಂದುಕೊಂಡ. ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಎಲ್ಲವೂ ಮೊದಲಿದ್ದ ಹಾಗೇ ಇರುತ್ತದೆ. ಅಷ್ಟರಲ್ಲಿ ಮಕ್ಕಳ ದಂಡು ಕಿರುಚುತ್ತ ಒಳನುಗ್ಗಿತು. ಯಾರೋ ಒಬ್ಬ ದೊರೆಯ ಗೊಂಬೆಯ ಮೂಗು ಎಳೆದ. ಮೇಡಂ ಅತ್ತ ಓಡಿದಳು. ಅವಳು ಹಿಂತಿರುಗುವಷ್ಟರಲ್ಲಿ ಹಳೆಯ ಗೋಣಿ ಸೈನಿಕನ ಚಡ್ಡಿಯೊಳಗೆ ಮಡಿಕೆಯಾಗಿ ಅವನ ಚೀಲ ಸೇರಿತ್ತು, ಹೊಸದು ಕೋಲಿನ ಮೇಲೆ ವಯಸ್ಸಾದವರ ಗಾಂಭೀರ್ಯದಿಂದ ಕೂತಿತ್ತು.

ಮನೆಗೆ ಬಂದವನೇ ಗೋಣಿಯನ್ನು ಸ್ನಾನದ ನೀರಿನ ಒಲೆಗೆ ತುರುಕಿದ. ಚೆನ್ನಾಗಿ ಉರಿಯಿತು. ಆ ಬಿಸಿನೀರನ್ನು ಮೈಮೇಲೆ ಸುರಿದುಕೊಳ್ಳುತ್ತ, ಎಷ್ಟೋ ವರ್ಷಗಳ ಮೇಲೆ, ಗಂಟಲು ಬಿಟ್ಟು ಹಾಡಿದ.

ಎಂಜಲು ಕೊಡುವ ದಿನ ಊರಿನವರು ಹಿಂದೆ ಮುಂದೆ ನೋಡುತ್ತಿದ್ದರೆ ಅವನು ಎದ್ದು ನಿಂತ. “ಮೊದಲು ನಂದೇ ತಗೊಳ್ಳಿ. ಅನುಮಾನ ತೊಳೆಯೋದು ನಮ್ಮ ಮನೆಯಿಂದಲೇ ಶುರುವಾಗ್ಲಿ!” ಚಪ್ಪಾಳೆಯೋ ಚಪ್ಪಾಳೆ. ಕೆನ್ನೆಯೊಳಗೆ ಹತ್ತಿ ಆಡಿಸಿಕೊಳ್ಳುವಾಗಲೂ ಅವನು ಫೋಟೊದವನ ಕಡೆಗೇ ನೋಡುತ್ತಿದ್ದ.

ಫಲಿತಾಂಶ ಹೇಳುವ ಸಂಜೆ ಮ್ಯೂಸಿಯಂ ಅಂಗಳ ತುಂಬಿತ್ತು. ಮೊಮ್ಮಗ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೇಡಂ ಬಾಯಿ ತೆರೆಯುವ ಮೊದಲೇ ಬೇಕರಿ ತಾತ ಕೋಲೂರಿ ಎದ್ದ. ಶಿಬಿರ ಕಂಡವರಲ್ಲಿ ಬದುಕಿ ಉಳಿದಿದ್ದವನು ಅವನೊಬ್ಬನೇ.

“ನಂದೊಂದು ಮಾತಿದೆ,” ಎಂದ. “ಆ ಗೋಣಿ ಹಾಕ್ಕೊಂಡಿದ್ದು ನಾನು.”

ಅಂಗಳದಲ್ಲಿ ಅರ್ಧ ಜನ ಎದ್ದು ನಿಂತರು. ಮೊಮ್ಮಗನಂತೂ ಕುರ್ಚಿಯ ಅಂಚಿಗೆ ಬಂದ.

“ಕೂತ್ಕೊಳ್ಳಿ, ಪೂರ್ತಿ ಕೇಳಿ. ಬೆನ್ನಿಗೆ ಬಂದೂಕು ಇಟ್ಟು ನಡೆಸ್ತಿದ್ರು. ಗೋಣಿ ಹಿಂದುಗಡೆ ಸೈನಿಕನ ಕೈ ಇರ್ತಿತ್ತು. ಅವನು ಕುತ್ತಿಗೆ ಅದುಮಿದ್ರೆ ತಲೆ ಬಾಗೋದು. ಯಾರನ್ನ ಹಿಡೀಬೇಕು ಅಂತ ದೊರೆ ಮೊದಲೇ ಬರ್ಕೊಂಡಿದ್ದ. ಗೋಣಿ ಯಾಕೆ ಅಂದ್ರೆ, ನಾವು ನಾವೇ ಕಚ್ಚಾಡ್ಲಿ ಅಂತ. ಆಮೇಲೆ ದೊರೆ ನಂಗೆ ಅಂದ: ನೀನೊಬ್ಬನೇ ಈ ಕೆಲಸ ಮಾಡಿದ್ದು, ಬಾಯಿ ಬಿಟ್ರೆ ಊರಿಗೆ ನಿನ್ನ ಹೆಸರು ಹೇಳ್ತೀನಿ.” ಬೇಕರಿ ತಾತ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. “ಪೋಸ್ಟ್‌ಮ್ಯಾನ್ ಸಾಯೋವಾಗ ನನ್ನ ಹತ್ರ ಅತ್ಕೊಂಡು ಅದೇ ಮಾತು ಹೇಳ್ದ. ಆಮೇಲೆ ಇನ್ನೂ ಒಬ್ಬ ಹೇಳ್ದ. ಆಗ ಗೊತ್ತಾಯ್ತು. ಶಿಬಿರದಲ್ಲಿದ್ದ ಒಬ್ಬೊಬ್ಬರಿಗೂ ಸರದಿ ಮೇಲೆ ತೊಡಿಸಿದಾನೆ ಆ ಪಾಪಿ! ಎಲ್ಲರೂ ತಾನೊಬ್ಬನೇ ಅಂತ ತಿಳ್ಕೊಂಡೇ ಸತ್ರು. ನಾನೂ ಹೇಳೋಕೆ ಹೆದರ್ದೆ, ಯಾರು ನಂಬ್ತಾರೆ ಅಂತ. ಇವತ್ತು ಹೆದರಿಕೆ ಇಲ್ಲ. ಗೋಣೀಲಿ ನಮ್ಮೆಲ್ಲರ ಕೂದಲೂ ಇರುತ್ತೆ. ಅದೇ ಸಾಕ್ಷಿ.”

ಮೊಮ್ಮಗನಿಗೆ ಮೊದಲು ಬಂದದ್ದು ಅಳು. ಪಾಪ, ನನ್ನ ತಾತ! ಎರಡನೆಯದಾಗಿ ಬಂದದ್ದು ಒಲೆಯ ನೆನಪು. ಊರಿನ ತಲೆಯ ಮೇಲಿದ್ದ ಕಳಂಕವನ್ನು ಒಂದೇ ಸಲಕ್ಕೆ ತೊಳೆಯಬಹುದಾಗಿದ್ದ ಗೋಣಿಯಿಂದ ಅವನು ನೀರು ಕಾಯಿಸಿಕೊಂಡಿದ್ದ. ಇರಲಿ, ಎಂದು ಸಮಾಧಾನ ಮಾಡಿಕೊಂಡ. ಲ್ಯಾಬ್‌ನವರಿಗೆ ಏನೂ ಸಿಕ್ಕಿರುವುದಿಲ್ಲ, ಹಿರಿಯರ ಮಾತನ್ನು ಊರು ನಂಬುತ್ತದೆ, ನಾಳೆ ತಾನೇ ಮುಂದೆ ನಿಂತು ಗೋಣಿಮನೆಗೆ ಹಾರ ಹಾಕಿಸಿದರಾಯಿತು.

ಮೇಡಂ ಕಣ್ಣೊರೆಸಿಕೊಂಡು ಎದ್ದಳು. “ಬೇಕರಿ ತಾತನ ಮಾತನ್ನ ನಾನು ನಂಬ್ತೀನಿ. ಆದ್ರೆ ಗೋಣೀಲಿ ಸಿಕ್ಕಿದ್ದು ಒಂದೇ ಕೂದಲು. ನಿನ್ನೆ ಮೊನ್ನೆ ಉದುರಿದ ಹಾಗಿದೆ ಅಂತ ಲ್ಯಾಬ್‌ನವರು ಎರಡು ಸಲ ನೋಡಿದ್ರಂತೆ.” ಅವಳು ಮುಂದಿನ ಸಾಲಿನ ಕಡೆ ತಿರುಗಿದಳು. “ಅಣ್ಣ, ಅದು ನಿಮ್ಮ ತಾತಂದಲ್ಲ. ನಿಮ್ಮದು.”

ಅಂಗಳದ ಕುತ್ತಿಗೆಗಳೆಲ್ಲ ಒಟ್ಟಿಗೆ ಅವನತ್ತ ಹೊರಳಿದವು. ಕುದಿಸಿದ್ದು, ಗವಸು, ತಲೆಗೆ ಬಿಗಿದ ಬಟ್ಟೆ, ಒಂದೊಂದನ್ನೂ ಅವನ ಮನಸ್ಸು ತಡಕಾಡಿತು, ಎಲ್ಲಿಯೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಆಮೇಲೆ. ತಾನು ತೊಟ್ಟು ನೋಡದೆ ಒಂದು ಕಿರೀಟವನ್ನಾಗಲಿ ಟೋಪಿಯನ್ನಾಗಲಿ ಅಂಗಡಿಯಿಂದ ಹೊರಗೆ ಕಳಿಸಿದವನಲ್ಲ ಅವನು. ಎಷ್ಟೋ ವರ್ಷಗಳಿಂದ ಕೈ ತಾನಾಗಿ ಮಾಡುತ್ತಿದ್ದ ಕೆಲಸ ಅದು. ಅಂದು ಮ್ಯೂಸಿಯಂಗೆ ಹೊರಡುವ ಮುನ್ನವೂ ತಲೆಯ ಬಟ್ಟೆ ಬಿಚ್ಚಿಟ್ಟು, ಗೋಣಿ ತೊಟ್ಟು, ಕಣ್ಣಿನ ತೂತುಗಳು ಸರಿಯಾಗಿ ಕೂತಿವೆಯೇ ಎಂದು ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತಿದ್ದ. ಬಹಳ ಚೆನ್ನಾಗಿ ಕೂತಿದ್ದವು. ತನ್ನ ಕೈಕೆಲಸಕ್ಕೆ ತಾನೇ ಮೆಚ್ಚಿ, ಕನ್ನಡಿಯಲ್ಲಿ ತನ್ನೆದುರು ನಿಂತಿದ್ದವನನ್ನು ನೋಡುತ್ತ, ಹೌದೆಂದು ತಲೆಯಾಡಿಸಿದ್ದ.