ಚಿಕ್ಕಗೌರಮ್ಮನ ಹಲಗೆ

“ಅದೊಂದು ಹಲಗೆ ಮಾತ್ರ ಮುಟ್ಟಬ್ಯಾಡ ಕಣವ್ವ,” ಎಂದಳು ಜಯಕ್ಕ. “ಅಮಾಸೆಗೆ ತಗಂಡೋಗಿ ಬೋರನಕಣಿವೆ ನೀರಿಗೆ ಬುಟ್ಟು ಬರ್ಬೇಕು. ಮನೆ ಸಾಮಾನಿಗೆ ಆಗೋ ಮರ ಅಲ್ಲ ಅದು.”

ಸೊಸೆ ಚೈತ್ರ ಅದೇ ಹಲಗೆಯನ್ನು ಹೊಂಗೆ ಮರಕ್ಕೆ ಒರಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದಳು.

“ಯಾಕತ್ತೆ, ಕಚ್ಚುತ್ತಾ?”

“ನಗಬ್ಯಾಡ. ತುಂಬಿದ ಬಸುರಿ ನೀನು. ಬಸುರಿ ಇರೋ ಮನೇಲಿ ಮೊಳೆ ಹೊಡ್ಯಾಕಿಲ್ಲ, ಹೊಡ್ದಿರೋ ಮೊಳೆ ಕೀಳಾಕೂ ಇಲ್ಲ.”

“ಮರಕ್ಕೆ ಹಿಡಿಯೋ ದೆವ್ವ ಒಂದೇ ಅತ್ತೆ, ಗೆದ್ದಲು. ಅದು ಇದರ ಹತ್ತಿರಾನೂ ಸುಳಿದಿಲ್ಲ ನೋಡಿ.”

ಜಯಕ್ಕ ಇನ್ನೇನೋ ಹೇಳಲು ಬಾಯಿ ತೆರೆದಳು. ಸೆರಗಿನಿಂದ ತುಟಿ ಒರೆಸಿಕೊಂಡು ಒಳಗೆ ಹೋದಳು. ಅವಳು ಅಂದೇ ಎಲ್ಲವನ್ನೂ ಬಿಡಿಸಿ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಹಿರಿಯರಿಗೆ ಹೆದರಿಸಿ ಅಭ್ಯಾಸವೇ ಹೊರತು ಕಾರಣ ಹೇಳಿ ಅಭ್ಯಾಸವಿಲ್ಲ. ಕಾರಣ ಹೇಳದ ಹೆದರಿಕೆಗೆ ಬಗ್ಗುವ ಪೈಕಿಯವಳಲ್ಲ ಚೈತ್ರ.

ಅವಳು ತರೀಕೆರೆ ಕಡೆಯ ಬಡಗಿಯೊಬ್ಬನ ಒಬ್ಬಳೇ ಮಗಳು. ಹೆಣ್ಣಿಗೆ ಉಳಿ ಕೊಡಬೇಡ ಎಂದು ನೆಂಟರಿಷ್ಟರೆಲ್ಲ ಹೇಳಿದರೂ ಕೇಳದೆ ಅಪ್ಪ ಅವಳಿಗೆ ಗರಗಸ ಹಿಡಿಯುವುದರಿಂದ ಹಿಡಿದು ಕೀಲು ಕೂಡಿಸುವ ತನಕ ಕಲಿಸಿದ್ದ. ಸಾಯುವಾಗ ಹತಾರದ ಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟಿದ್ದ. ಚಿಕ್ಕನಾಯಕನಹಳ್ಳಿಯ ಆಚೆಯ ಈ ತೋಟದ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಪೆಟ್ಟಿಗೆ ಮಂಚದ ಕೆಳಗೆ ಬಿದ್ದಿತ್ತು. ತೆಗೆದರೆ ಅತ್ತೆ ಮುಖ ಸಿಂಡರಿಸುತ್ತಿದ್ದಳು. ಗಂಡ ರಂಗರಾಜು ಒಳ್ಳೆಯವನೇ. ಆದರೆ ಅವ್ವನ ಮುಂದೆ ಅವನ ಒಳ್ಳೆಯತನಕ್ಕೆ ನಾಲಿಗೆ ಇರುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ರಂಗರಾಜು ಮಣ್ಣುಗೋಡೆಯ ಹಳೆಯ ಕೊಬ್ಬರಿ ಮನೆಯನ್ನು ಕೆಡವಿ, ಕಬ್ಬಿಣದ ಜಾಲರಿ ಹಾಕಿದ ಹೊಸದನ್ನು ಕಟ್ಟಿಸಿದ್ದ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹತ್ತಿಸಿ ವರ್ಷದ ಹತ್ತಿರ ಹತ್ತಿರ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಕ್ ಲೊಡಕ್ ಎನ್ನುತ್ತದೆ. ಆಗ ಅದು ಹದಕ್ಕೆ ಬಂತೆಂದು ಲೆಕ್ಕ. ಹಳೆಯ ಅಟ್ಟದ ತೊಲೆಗಳು ಹೊಸ ಬಾಗಿಲಿಗೆ ಹೋದವು. ಮಿಕ್ಕ ಮರ ಹೊಂಗೆಯ ಬುಡದಲ್ಲಿ ರಾಶಿ ಬಿತ್ತು. ಆ ರಾಶಿಯಲ್ಲಿ ಚೈತ್ರಳ ಕಣ್ಣಿಗೆ ಬಿದ್ದದ್ದು ಈ ಅಗಲವಾದ ಹಲಸಿನ ಹಲಗೆ. ಸೋಫಾದ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಫಿ ಇಟ್ಟು ಇಟ್ಟು ಅವಳಿಗೆ ಸಾಕಾಗಿತ್ತು. ಹುಟ್ಟುವ ಮಗು ಹಿಡಿದುಕೊಂಡು ಎದ್ದು ನಿಲ್ಲುವಂಥ ಒಂದು ಟೀಪಾಯಿ ಮಾಡಬೇಕು ಎಂದು ನಿಶ್ಚಯಿಸಿದಳು. ಅಪ್ಪನ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂತು.

ಹತ್ತರಿ ಹಿಡಿದು ಹಲಗೆಯ ಮೈ ಉಜ್ಜತೊಡಗಿದಾಗ ಹಳದಿ ಹೊಟ್ಟು ಸುರುಳಿ ಸುರುಳಿಯಾಗಿ ಬಿತ್ತು. ಮೊದಲು ಹೊಗೆಯ ವಾಸನೆ ಬಂತು. ಆಮೇಲೆ ಹಳೆ ಎಣ್ಣೆಯದು. ಅದರ ಕೆಳಗೆ ಇನ್ನೊಂದಿತ್ತು, ಎಷ್ಟೋ ದಿನದಿಂದ ನೀರು ಕಾಣದ ತಲೆಗೂದಲಿನ ವಾಸನೆ. ಹಲಗೆಯನ್ನು ಮಗುಚಿ ಹಾಕಿದಳು. ಅಡಿಯಲ್ಲಿ ಸಾಲಾಗಿ ಕಮ್ಮಾರರ ಮೊಳೆಗಳು. ಒಂದೊಂದರ ಕುತ್ತಿಗೆಗೂ ಏನೋ ಕಪ್ಪಗೆ ಸುತ್ತಿತ್ತು.

ನೂಲು ಎಂದುಕೊಂಡಳು. ಇಕ್ಕಳ ಹಾಕಿ ಮೊದಲನೆಯದನ್ನು ಕಿತ್ತಾಗ ಅದು ಬೆರಳಿಗೆ ಸುತ್ತಿಕೊಂಡಿತು. ಕೂದಲು. ಹೆಂಗಸಿನ ಉದ್ದ ಕೂದಲು.

“ಸರಿ, ಯಾರಿಗೋ ಮಾಟ ಮಾಡಿದ್ದಾರೆ,” ಎಂದು ಗಟ್ಟಿಯಾಗಿಯೇ ಹೇಳಿಕೊಂಡು ನಕ್ಕಳು. “ಯಾರದೋ ಕೂದಲಿಗೆ ಹೆದರಿ ನಾನ್ಯಾಕೆ ಒಳ್ಳೆ ಮರ ನೀರಿಗೆ ಹಾಕಲಿ?”

ಒಂದಾದ ಮೇಲೊಂದು ಕಿತ್ತಳು. ಕೊನೆಯ ಮೊಳೆ ಬಿಸಿಯಾಗಿತ್ತು. ಅದು ಹೊರಗೆ ಬಂದ ಗಳಿಗೆಗೆ ಸರಿಯಾಗಿ ಹಿಂದಿನಿಂದ ಒಂದು ಸದ್ದು ಕೇಳಿತು.

ಲೊಡಕ್. ಲೊಡಕ್.

ತಿರುಗಿ ನೋಡಿದಳು. ಹೊಸ ಕೊಬ್ಬರಿ ಮನೆಗೆ ಇನ್ನೂ ಒಂದು ಕಾಯಿಯೂ ಹತ್ತಿರಲಿಲ್ಲ. ಇಲಿ ಇರಬೇಕೆಂದು ಹೊಟ್ಟು ಗುಡಿಸಿದಳು.

ಟೀಪಾಯಿ ನೋಡುವ ಹಾಗಿತ್ತು. ಎಲ್ಲೂ ಮೊಳೆ ಹೊಡೆಯದೆ ಬರೀ ಕೀಲಿನಲ್ಲಿ ಕೂಡಿಸಿದ್ದಳು. ರಂಗರಾಜು ಅದರ ಅಂಚು ಸವರಿ, “ಅಂಗ್ಡೀಲೂ ಇಂಥದ್ದು ಸಿಗಾಕಿಲ್ಲ ಕಣೇ,” ಎಂದ. ಚೈತ್ರಳ ಎದೆ ತುಂಬಿ ಬಂತು. ಜಯಕ್ಕ ಮಾತ್ರ ಅಂದಿನಿಂದ ಹಜಾರಕ್ಕೆ ಕಾಲಿಡಲಿಲ್ಲ. ಹಿತ್ತಿಲ ಬಾಗಿಲಿನಲ್ಲೇ ಓಡಾಡಿದಳು.

ರಂಗರಾಜು ಕಾಫಿ ಲೋಟವನ್ನು ಟೀಪಾಯಿಯ ಮೇಲಿಟ್ಟು ಫೋನಿನಲ್ಲಿ ಮಾತಾಡಿದ. ಮಾತು ಮುಗಿಸಿ ಲೋಟ ಎತ್ತಿದರೆ ತಳದಲ್ಲಿ ಬರೀ ಕಾಫಿ ಕಲೆ. ಕುಡಿದು ಮರೆತಿದ್ದಾನೆಂದು ಚೈತ್ರ ಆಡಿಕೊಂಡಳು. ಮರುದಿನ ತುಂಬಿಟ್ಟ ಕೊಡಪಾನದಲ್ಲಿ ನೀರಿರಲಿಲ್ಲ. ತುಳಸಿ ಬುಡ ಸಮೇತ ಒಣಗಿತು. ಬೆಳಿಗ್ಗೆ ಏಳುವಾಗ ಚೈತ್ರಳ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ತುಟಿ ಒಡೆಯಿತು, ಒಡೆದಲ್ಲಿ ರಕ್ತವೂ ಬರಲಿಲ್ಲ. ಬಿಸಿಲು ಜಾಸ್ತಿ ಎಂದಳು ಅವಳು. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು.

ತಿಪಟೂರಿನ ಡಾಕ್ಟರಮ್ಮ ಸ್ಕ್ಯಾನಿಂಗ್ ಮಾಡಿ ಹುಬ್ಬು ಗಂಟಿಕ್ಕಿದರು. “ಮಗು ಸುತ್ತ ಇರಬೇಕಾದ ನೀರು ಕಮ್ಮಿ ಆಗಿದೆಯಮ್ಮ. ಇನ್ನೂ ಕಮ್ಮಿಯಾದರೆ ಮಗು ಉಳಿಯೋದು ಕಷ್ಟ. ಚೆನ್ನಾಗಿ ನೀರು ಕುಡಿ, ಎಳನೀರು ಕುಡಿ. ನಾಡಿದ್ದು ಬಂದು ತೋರಿಸು.”

ತೆಂಗಿನ ಸೀಮೆಯಲ್ಲಿ ಎಳನೀರಿಗೆ ಬರವೇ? ತೋಟಕ್ಕೆ ಕಾಲಿಡುತ್ತಿದ್ದಂತೆ ರಂಗರಾಜು ಕಾಯಿ ಕೀಳುವವನನ್ನು ಮರ ಹತ್ತಿಸಿದ. ಹಸಿರು ಗೊನೆ ಇಳಿಯಿತು. ಇಳಿದು ಬಂದವನು ಮೊದಲನೆಯದನ್ನು ಕೆತ್ತಿ ಚೈತ್ರಳ ಕೈಗೆ ಕೊಟ್ಟ. ತುಟಿಗಿಟ್ಟಳು, ಒಂದು ತೊಟ್ಟೂ ಬರಲಿಲ್ಲ. ಎರಡನೆಯದೂ ಹಾಗೇ. ಇನ್ನೊಂದನ್ನು ಅವನು ಕಿವಿಯ ಬಳಿ ಅಲ್ಲಾಡಿಸಿ, ನೀರು ತುಳುಕುವುದನ್ನು ಕೇಳಿಯೇ ಕೊಟ್ಟ. ಅವಳ ಅಂಗೈಯಲ್ಲಿ ಅದು ಹಗುರವಾಗುತ್ತ ಹೋದದ್ದನ್ನು ಮೂವರೂ ನೋಡಿದರು. ಕಾಯಿ ಕೀಳುವವನು ಮಚ್ಚನ್ನು ಅಲ್ಲೇ ಬಿಟ್ಟು, ಹಿಂದೆ ನೋಡದೆ ಬದು ಹಾರಿ ಹೋದ.

ಆಗ ಚೈತ್ರಳಿಗೆ ಹೆದರಿಕೆಯಾಯಿತು. ಜೀವಮಾನದಲ್ಲೇ ಮೊದಲ ಸಲ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಹೆದರಿದಳು. ಮನೆಗೆ ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತಳು.

“ಅತ್ತೆ, ಯಾರ ಕೂದಲು ಅದು?”

ಜಯಕ್ಕನ ಕೈಯಿಂದ ಸೌಟು ಜಾರಿತು. “ಕಿತ್ತುಬುಟ್ಯಾ?”

“ಯಾರದು ಹೇಳಿ.”

“ಚಿಕ್ಕಗೌರಮ್ಮಂದು. ನಮ್ಮತ್ತೆ ಸಿದ್ದಮ್ಮ ಇದ್ಲಲ್ಲ, ಅವಳ ಓರಗಿತ್ತಿ. ಗಂಡ ಸತ್ತಿದ್ದ, ಮಕ್ಳಿರ್ಲಿಲ್ಲ. ತೋಟದಾಗೆ ಪಾಲು ಕೇಳಿದ್ಲಂತೆ. ಆ ವರ್ಷ ಅಟ್ಟದ್ ಕಾಯಿ ಅರ್ಧಕ್ಕರ್ಧ ಕೊಳ್ತೋಯ್ತು. ಇವಳೇ ಮಾಟ ಮಾಡ್ಸವ್ಳೆ ಅಂದ್ರು. ಒಪ್ಕಳೋಗಂಟ ಇರ್ಲಿ ಅಂತ ಅಟ್ಟಕ್ಕತ್ತಿಸಿ ಏಣಿ ತೆಗುದ್ರು.” ಜಯಕ್ಕ ಗೋಡೆ ಹಿಡಿದು ಕೂತಳು. “ನೀರು ಕೊಡ್ಲಿಲ್ಲ ಕಣವ್ವ. ಒಂದೊಂದೇ ಕಾಯಿ ಕಿವಿ ತಾವ ಇಟ್ಕಂಡು ಅಲ್ಲಾಡಿಸ್ತಿದ್ಲಂತೆ, ನೀರೈತಾ ಅಂತ. ಎಲ್ಲಾ ಒಣಗಿದ್ ಕಾಯಿ. ಕೆಳಗಿರೋರು ಆ ಸದ್ದು ಕೇಳ್ಕಂಡೇ ಉಂಡ್ರು, ಮಲಗಿದ್ರು. ಆಮೇಲೆ ಸದ್ದು ನಿಂತೋಯ್ತು. ಸತ್ತ್ ಮ್ಯಾಲೆ ತಿರ್ಗ ಸುರುವಾಯ್ತು. ಮಂತ್ರವಾದಿ ಕರ್ಸಿ, ಅವಳ ಕೂದ್ಲು ಮೊಳೆಗೆ ಸುತ್ತಿ, ಪ್ರಾಣ ಬುಟ್ಟ ಹಲಗೆಗೇ ಹೊಡ್ಸಿದ್ರು. ವರ್ಷ ವರ್ಷ ಅದರ ಮ್ಯಾಲೆ ಒಂದು ಕಾಯಿ ಇಕ್ಕಬೇಕು ಅಂದಿದ್ದ. ಇಕ್ಕಂಡ್ ಬಂದಿದ್ವಿ.”

“ಒಡೆದು ಇಡ್ತಿದ್ರಾ?”

“ಇಲ್ಲ. ಇಡೀ ಕಾಯಿ. ಒಡೀಬ್ಯಾಡಿ ಅಂದಿದ್ದ.”

ಚೈತ್ರಳಲ್ಲಿ ಹೆದರಿಕೆ ಇದ್ದ ಜಾಗದಲ್ಲಿ ಸಿಟ್ಟು ಬಂದು ಕೂತಿತು. “ಬಾಯಾರಿ ಸತ್ತವಳ ಮುಂದೆ ಸಿಪ್ಪೆ ಸುಲಿಯದ ಕಾಯಿ ಇಟ್ಟು ಕೈ ಮುಗಿದಿದ್ದೀರಿ. ಇಷ್ಟು ವರ್ಷ!”

ರಂಗರಾಜು ಅಷ್ಟರಲ್ಲಿ ಹೊಂಗೆಯ ಬುಡದಿಂದ ಮೊಳೆಗಳನ್ನು ಆಯ್ದು ತಂದಿದ್ದ. ಕೂದಲು ಇನ್ನೂ ಸುತ್ತಿಕೊಂಡೇ ಇತ್ತು. ಇನ್ನೊಂದು ಕೈಯಲ್ಲಿ ಸುತ್ತಿಗೆ. “ವಾಪಸ್ ಹೊಡ್ದು ನೀರಿಗೆ ಹಾಕ್ಬುಡಾನ ಚೈತ್ರ. ಮಗು ಉಳುದ್ರೆ ಸಾಕು.”

“ಬೇಡ ರೀ.”

ಅವನು ಕೇಳಲಿಲ್ಲ. ಹಜಾರಕ್ಕೆ ಹೋಗಿ, ಟೀಪಾಯಿಯನ್ನು ಮಗುಚಿ, ಒಂದು ಮೊಳೆ ನಿಲ್ಲಿಸಿ ಹೊಡೆದ. ಬಾಗಿಲಲ್ಲಿದ್ದ ಚೈತ್ರ ಹೊಟ್ಟೆ ಹಿಡಿದುಕೊಂಡು ಚೀರಿದಳು. ಆ ಏಟು ಅವಳ ಒಳಗೇ ಬಿದ್ದಿತ್ತು.

ಕರೆಂಟು ಹೋಯಿತು. ಹೊರಗೆ ಮುಸ್ಸಂಜೆಯ ಬೆಳಕು ಇನ್ನೂ ಇತ್ತು. ಒಳಗೆ ಇರಲಿಲ್ಲ. ಕಿಟಕಿಗಳು ತೆರೆದೇ ಇದ್ದವು, ಬೆಳಕು ಮಾತ್ರ ಹೊಸ್ತಿಲ ಆಚೆಯೇ ನಿಂತಿತ್ತು. ಹೊಗೆಯ ವಾಸನೆ. ಕಮಟು ಎಣ್ಣೆಯ ವಾಸನೆ. ಒಣಗಿದ ಕೂದಲಿನ ವಾಸನೆ.

ಲೊಡಕ್.

ಮೂಲೆಯಿಂದ ಬಂತು. ಆಮೇಲೆ ಸೂರಿನಿಂದ. ಆಮೇಲೆ ಎಲ್ಲ ಕಡೆಯಿಂದ. ನೂರಾರು ಕಾಯಿಗಳನ್ನು ಯಾರೋ ಒಂದೊಂದಾಗಿ ಎತ್ತುತ್ತಿದ್ದರು, ಅಲ್ಲಾಡಿಸುತ್ತಿದ್ದರು, ಎಸೆಯುತ್ತಿದ್ದರು. ರಂಗರಾಜು ಏನೋ ಕೂಗಿದ. ದನಿ ಗಂಟಲಲ್ಲೇ ಒಣಗಿತು. ಸುತ್ತಿಗೆ ನೆಲಕ್ಕೆ ಬಿತ್ತು.

ಚೈತ್ರ ಗೋಡೆ ಸವರುತ್ತ ಮುಂದೆ ಹೋದಳು. ಮಂಡಿಯೂರಿ ಆ ಮೊಳೆಯನ್ನು ಬೆರಳಿನಿಂದಲೇ ಅಲ್ಲಾಡಿಸಿ ಕಿತ್ತಳು. ಉಗುರು ಕಿತ್ತು ಬಂತು. ಟೀಪಾಯಿಯನ್ನು ನೆಟ್ಟಗೆ ನಿಲ್ಲಿಸಿದಳು. ಸದ್ದು ನಿಂತಿತು.

ಎದುರಿಗೆ ಯಾರೋ ಕೂತಿದ್ದರು.

ಕಾಣಲಿಲ್ಲ. ಆದರೆ ಉಸಿರು ತಾಕಿತು. ಬಿಸಿ ಉಸಿರು. ಎರಡು ಕೈಗಳು ಬಂದವು. ತೊಗಟೆಯ ಹಾಗೆ ಒರಟಾಗಿದ್ದವು. ಅವಳ ಹೊಟ್ಟೆಯನ್ನು ಎರಡೂ ಕಡೆಯಿಂದ ಹಿಡಿದವು. ಒಂದು ಕಿವಿ ಹೊಟ್ಟೆಗೆ ಒತ್ತಿಕೊಂಡಿತು. ತಣ್ಣಗೆ. ಆಮೇಲೆ ಆ ಕೈಗಳು ಮೆಲ್ಲಗೆ ಅಲ್ಲಾಡಿಸಿದವು. ಒಳಗೆ ನೀರಿದೆಯೇ ಎಂದು.

ಒಮ್ಮೆ. ಇನ್ನೊಮ್ಮೆ.

ಮಗು ಒದೆಯುವುದನ್ನು ನಿಲ್ಲಿಸಿತು.

“ಏಯ್!” ಎಂದಳು ಚೈತ್ರ. ನಾಲಿಗೆ ಮರದ ಚಕ್ಕೆಯಾಗಿತ್ತು, ಆದರೂ ಹೇಳಿದಳು. “ಇದು ಕಾಯಲ್ಲ. ನನ್ನ ಮಗು. ಇದರ ನೀರು ಮುಟ್ಟಿದರೆ ಒಲೆಗೆ ಹಾಕ್ತೀನಿ ನಿನ್ನ ಹಲಗೇನ. ನಿನ್ನ ಸಾಯಿಸಿದವರು ಸತ್ತು ಎಷ್ಟೋ ವರ್ಷ ಆಯ್ತು. ಮೊಳೆ ಕಿತ್ತವಳು ನಾನು. ನೀರು ಬೇಕಲ್ಲ ನಿನಗೆ? ನನ್ನದು ತಗೋ. ಕಣ್ಣಲ್ಲಿರೋದು ತಗೋ. ಎದೇಲಿ ಬರೋದು ತಗೋ. ಒಂದು ಜೀವಮಾನಕ್ಕೆ ಆಗೋವಷ್ಟಿದೆ. ಕುಡಿ!”

ಅಳಬೇಕೆಂದು ಅತ್ತವಳಲ್ಲ ಅವಳು. ಆದರೂ ಕಣ್ಣೀರು ಬಂತು. ಅಪ್ಪ ಸತ್ತಾಗ ತಡೆದುಕೊಂಡಿದ್ದು ಬಂತು. ಈ ಮನೆಯಲ್ಲಿ ನುಂಗಿಕೊಂಡಿದ್ದು ಬಂತು. ತೊಟ್ಟಿಕ್ಕಿ ಹಲಗೆಯ ಮೇಲೆ ಬಿತ್ತು. ಬಿದ್ದದ್ದು ಬಿದ್ದ ಹಾಗೆ ಇಂಗಿತು. ಕುಪ್ಪಸ ಒದ್ದೆಯಾಯಿತು. ಅದೂ ಇಂಗಿತು. ಎದೆಯೊಳಗಿನಿಂದ ದಾರ ಎಳೆದಂತೆ ಏನೋ ಹೋಗುತ್ತಲೇ ಇತ್ತು. ಅವಳು ಹಲಗೆಯ ಅಂಚನ್ನು ಹಿಡಿದುಕೊಂಡೇ ಇದ್ದಳು. ಬಿಡಲಿಲ್ಲ.

ಗುಟುಕ್.

ಯಾರೋ ನುಂಗಿದ ಸದ್ದು. ಮತ್ತೆ ಗುಟುಕ್. ಆಮೇಲೆ ತೀರಾ ಹತ್ತಿರದಲ್ಲಿ ಒಂದು ನಿಟ್ಟುಸಿರು ಕೇಳಿತು. ಹೊಟ್ಟೆಯ ಮೇಲಿನ ಕೈಗಳು ಸಡಿಲವಾದವು.

ಮಗು ಒದೆಯಿತು.

ಕರೆಂಟು ಬಂದಾಗ ರಂಗರಾಜು ಗೋಡೆಗೆ ಆತು ನಿಂತಿದ್ದ. ಜಯಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಟೀಪಾಯಿಯ ಮೇಲೆ ಕೈಯಗಲದ ಒದ್ದೆ ಕಲೆಯೊಂದು ನಿಧಾನವಾಗಿ ಆರುತ್ತಿತ್ತು.

ಹೆಣ್ಣು ಮಗು ಹುಟ್ಟಿತು, ತಿಂಗಳು ತುಂಬುವ ಮೊದಲೇ. ಬದುಕಿತು. ತಿಪಟೂರಿನ ಆಸ್ಪತ್ರೆಯೇ ಕೇಳಿಸಿಕೊಳ್ಳುವ ಹಾಗೆ ಅತ್ತಿತು. ಚೈತ್ರ ಅಳಲಿಲ್ಲ. ಅಳಲು ಆಗಲಿಲ್ಲ. ಎದೆಗೆ ಹಾಕಿಕೊಂಡರೆ ಮಗು ಚೀಪಿ ಚೀಪಿ ಸೋತು ಮುಖ ತಿರುಗಿಸಿತು. ಮಾತ್ರೆ ಕೊಟ್ಟರು, ಸೊಪ್ಪು ತಿನ್ನಿಸಿದರು. ಒಂದು ಹನಿ ಬರಲಿಲ್ಲ. ಚಿಕ್ಕಗೌರಮ್ಮನಿಗೆ ಒಪ್ಪಿ ಕೊಟ್ಟದ್ದೇ ಆದರೂ ಮಗುವಿನ ಹಸಿದ ಅಳು ಅವಳಿಗೆ ತಡೆಯಲಾಗಲಿಲ್ಲ. ಸುರಿಸಿ ಹಗುರಾಗಲು ಕಣ್ಣೀರೂ ಇರಲಿಲ್ಲ.

ಟೀಪಾಯಿ ಇವತ್ತಿಗೂ ಅದೇ ಹಜಾರದಲ್ಲಿದೆ. ನೀರಿಗೆ ಹಾಕಲು ಚೈತ್ರ ಬಿಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಒಂದು ಚೊಂಬು ನೀರಿಡಬೇಕು, ಇಡಬೇಕಾದವಳು ಜಯಕ್ಕನೇ, ಎಂದು ಅವಳು ಕಟ್ಟು ಮಾಡಿದ್ದಾಳೆ. ಜಯಕ್ಕ ತುಟಿ ಪಿಟಕ್ಕೆನ್ನದೆ ಇಡುತ್ತಾಳೆ. ಮನೆಯ ಕೊಡಪಾನ ಈಗ ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಸಂಜೆಗೆ ಖಾಲಿಯಾಗುವುದು ಆ ಚೊಂಬು ಒಂದೇ. ಮಗುವಿಗೆ ಗೌರಿ ಎಂದು ಹೆಸರಿಡೋಣವೇ ಎಂದು ರಂಗರಾಜು ಕೇಳಿದ್ದ. ಬೇಡ, ಅವಳ ಹೆಸರು ಅವಳಿಗೇ ಇರಲಿ ಎಂದಳು ಚೈತ್ರ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತೊಟ್ಟಿಲಲ್ಲಿದ್ದ ಮಗು ಹಸಿದು ಅಳತೊಡಗಿತು. ಚೈತ್ರ ಅಡುಗೆ ಮನೆಯಲ್ಲಿ ಹಾಲಿನ ಬಾಟ್ಲಿ ಬೆಚ್ಚಗೆ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಅಳು ನಿಂತಿತು. ಹಜಾರದಿಂದ ಸದ್ದು ಬಂತು.

ಲೊಡಕ್. ಲೊಡಕ್. ಲೊಡಕ್.

ಮೆಲ್ಲಗೆ, ಗಿಲಕಿ ಆಡಿಸುವ ಹಾಗೆ. ಚೈತ್ರ ಓಡಿ ಬಂದಳು. ಮಗು ಟೀಪಾಯಿಯ ಕಡೆಗೆ ಮುಖ ಮಾಡಿ, ಬೊಚ್ಚು ಬಾಯಿ ಅಗಲಿಸಿ ನಗುತ್ತಿತ್ತು. ಎರಡೂ ಕೈ ಚಾಚಿತ್ತು, ಎತ್ತಿಕೋ ಎನ್ನುವಂತೆ.

ಚೈತ್ರಳ ಒಣಗಿದ ಕಣ್ಣು ಉರಿಯಿತು. ಮಗುವನ್ನು ಎತ್ತಿ ಎದೆಗವಚಿಕೊಂಡು, ಟೀಪಾಯಿಯ ಆಚೆಯ ಖಾಲಿ ಜಾಗವನ್ನು ನೆಟ್ಟ ನೋಟದಲ್ಲಿ ನೋಡಿದಳು.

“ಆಡಿಸೋದಾದರೆ ಆಡಿಸು,” ಎಂದಳು. “ಎತ್ತಿಕೊಳ್ಳೋಕೆ ಮಾತ್ರ ನಾನಿದ್ದೀನಿ.”