ನೀಲಿ ಪ್ಯಾಂಟು ಯಾರಿಗೆ?

ಎರಡು ವರ್ಷದಿಂದ ಮುಖ ನೋಡದ ಗಂಡ ಬಟ್ಟೆ ಅಂಗಡಿಯ ನಡುವೆ ನಿಂತು, ಹೆಂಗಸರ ಟೋಪಿಯೊಂದನ್ನು ತಲೆಗಿಟ್ಟುಕೊಂಡು ಕನ್ನಡಿ ನೋಡುತ್ತಿದ್ದ.

ಅವಳ ಕಾಲು ಅಲ್ಲೇ ಕಟ್ಟಿದಂತಾಯಿತು.

ಊಟದ ಬಿಡುವಿನಲ್ಲಿ ಕ್ಲಿನಿಕ್ಕಿಗೆಂದು ಬಿಳಿ ಕೋಟು ಕೊಳ್ಳಲು ಬಂದವಳು ಅವಳು. ಹಲ್ಲಿನ ಡಾಕ್ಟರು. ಅವನು ದನದ ಡಾಕ್ಟರು. ಮದುವೆಯಾದ ಹೊಸದರಲ್ಲಿ ನೆಂಟರೆಲ್ಲ, ಇವಳ ರೋಗಿಗಳು ಬಾಯಿ ತೆರೆದು ಕೂರುತ್ತಾರೆ, ಅವನ ರೋಗಿಗಳು ಕಾಲೆತ್ತಿ ಒದೆಯುತ್ತವೆ ಎಂದು ಗೇಲಿ ಮಾಡುತ್ತಿದ್ದರು. ಅದೆಲ್ಲ ಹಳೆಯ ಮಾತು. ಅವಳ ಅಪ್ಪ ತೀರಿಕೊಂಡ ದಿನದಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ. ಮನೆಗಳೂ ಬೇರೆ.

ಅವನ ಕೈಯಲ್ಲಿ ತಿಳಿ ನೀಲಿ ಬಣ್ಣದ ಲಿನನ್ ಪ್ಯಾಂಟು. ಹೆಂಗಸರದ್ದು. ಅದನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು, ಬೆವರಿದರೆ ಮೈಗೆ ಅಂಟುತ್ತದಾ, ಸೊಂಟದಲ್ಲಿ ಎಲಾಸ್ಟಿಕ್ ಇದೆಯಾ, ಒಗೆದರೆ ಬೇಗ ಒಣಗುತ್ತದಾ ಎಂದು ಅಂಗಡಿಯ ಹುಡುಗಿಯನ್ನು ಒಂದೊಂದಾಗಿ ಕೇಳುತ್ತಿದ್ದ.

ತನಗೆ ಒಂದು ಕರವಸ್ತ್ರ ಕೊಳ್ಳಲೂ ಬಾರದ ಮನುಷ್ಯ!

ಕನ್ನಡಿಯಲ್ಲಿ ಅವಳ ಮುಖ ಕಂಡದ್ದೇ ಅವನು ಗಕ್ಕನೆ ತಿರುಗಿದ. ಟೋಪಿ ತೆಗೆಯುವುದನ್ನೂ ಮರೆತ.

"ನೀನಾ…"

"ಯಾರಿಗೆ ಇದು?" ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

ಅವನು ಪ್ಯಾಂಟನ್ನು ನೋಡಿದ, ನೆಲ ನೋಡಿದ. "ಒಬ್ಬರಿಗೆ. ಅದನ್ನ… ಈಗ ಹೇಳೋ ಹಾಗಿಲ್ಲ."

ಅಂಗಡಿಯ ಹುಡುಗಿಗೆ ಇವರು ಯಾರೆಂದು ಏನು ಗೊತ್ತು? ಸಾರ್ ಯೂರೋಪಿಗೆ ಹೋಗುತ್ತಿದ್ದಾರೆ, ಜೊತೆಗೆ ಬರುವವರಿಗೆಂದು ಬೇಸಿಗೆ ಬಟ್ಟೆ ಹುಡುಕುತ್ತಿದ್ದಾರೆ, ಇಷ್ಟು ಕಾಳಜಿಯ ಗಂಡಸರನ್ನು ನಾನು ಕಂಡೇ ಇಲ್ಲ ಎಂದು ನಗುನಗುತ್ತಾ ಹೇಳಿಬಿಟ್ಟಳು.

ಯೂರೋಪಿಗೆ… ಜೊತೆಗೆ ಬರುವವರಿಗೆ…

ಯಾರೋ ಎದೆಗೆ ತಣ್ಣೀರು ಎರಚಿದಂತಾಯಿತು. ಅವಳು ಬಂದ ಕೆಲಸ ಮರೆತು ಬರಿಗೈಯಲ್ಲಿ ಬೀದಿಗಿಳಿದಳು. ಹಿಂದಿನಿಂದ ಅವನು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ.

ಅವನನ್ನು ದೂರವಿಟ್ಟವಳು ನಾನೇ ಅಲ್ಲವಾ? ಹಾಗಿದ್ದರೆ ಈ ಉರಿ ಯಾಕೆ? ಇಷ್ಟು ದಿನ ನಾನು ಕಾದಿದ್ದು ಯಾರಿಗಾಗಿ?

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಒಬ್ಬ ಹಿರಿಯರ ಬಾಯಿ ತೆರೆಸಿ, ಯಾವ ಹಲ್ಲೆಂದು ಮರೆತು ಸುಮ್ಮನೆ ನಿಂತಳು. ಅವರು ಬಾಯಿ ತೆರೆದುಕೊಂಡೇ ಕಣ್ಣಿನಲ್ಲಿ ಏನಾಯಿತೆಂದು ಕೇಳಿದರು. ನರ್ಸ್ ಮೆಲ್ಲಗೆ ಬಲಗಡೆ, ಕೆಳಗೆ ಎಂದಳು. ಅವರದೊಂದು ಮುಗಿಸಿ, ಉಳಿದವರಿಗೆ ನಾಳೆ ಬರಲು ಹೇಳಿಸಿ, ಅವಳು ನೇರ ಅಮ್ಮನ ಮನೆಗೆ ಹೊರಟಳು. ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತರೆ ಸಾಕು ಅನ್ನಿಸಿತ್ತು.

ಅಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಟ್ಟವಳು ಚೀರುವುದೊಂದು ಬಾಕಿ.

ಎಪ್ಪತ್ತರ ಹತ್ತಿರದ ಅಮ್ಮ, ಜೀವಮಾನದಲ್ಲಿ ತನಗೆ ಎರಡು ಕಾಲುಗಳಿವೆಯೆಂದು ಲೋಕಕ್ಕೆ ತೋರಿಸದ ಅಮ್ಮ, ಬೀರುವಿನ ಕನ್ನಡಿಯ ಮುಂದೆ ಪ್ಯಾಂಟು ತೊಟ್ಟು ನಿಂತಿದ್ದಳು. ತಿಳಿ ನೀಲಿ ಲಿನನ್ ಪ್ಯಾಂಟು.

ಅಮ್ಮನೂ ಬೆಚ್ಚಿದಳು. ಕೈಗೆ ಸಿಕ್ಕ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ಫೋನು ಮಾಡಿ ಬರಬಾರದಿತ್ತಾ ಎಂದು ಗದರಿದಳು.

ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಂದು ಪಕ್ಕದಲ್ಲಿ ದಪ್ಪ ಉಣ್ಣೆಯ ಕೋಟು, ಕಾಲುಚೀಲ, ಮಂಗನ ಟೋಪಿ. ಯೂರೋಪ್ ಎಂದರೆ ಹಿಮ ಎಂದುಕೊಂಡು ಅಮ್ಮ ತುಂಬಿಟ್ಟಿದ್ದನ್ನೆಲ್ಲ ಯಾರೋ ಹೊರಗೆ ತೆಗೆದಿಟ್ಟಿದ್ದರು. ಇನ್ನೊಂದು ಪಕ್ಕದಲ್ಲಿ ತೆಳುವಾದ ಹತ್ತಿ ಅಂಗಿಗಳು, ಸಂಜೆಯ ಗಾಳಿಗೊಂದು ಹಗುರ ಸ್ವೆಟರ್, ಮಡಿಚಿಡುವ ಮಳೆಕೋಟು, ಹಳೆಯ ಚರ್ಚುಗಳ ಒಳಗೆ ಹೆಗಲು ಮುಚ್ಚಲು ಒಂದು ಶಾಲು. ಮೇಲೆ, ಅವನ ತಲೆಯ ಮೇಲಿದ್ದ ಅದೇ ಟೋಪಿ.

ಅವಳಿಗೆ ಕೂರಲು ಕುರ್ಚಿ ಬೇಕಾಯಿತು.

"ಅವನು… ನಿನ್ನ ಕರ್ಕೊಂಡು ಹೋಗ್ತಿದ್ದಾನಾ? ನೀನು ಅವನ ಜೊತೆ ಮಾತಾಡ್ತೀಯಾ ಅಮ್ಮಾ?"

"ಮಾತು ಬಿಟ್ಟಿದ್ದು ನೀನು ಪುಟ್ಟಿ. ನಾನಲ್ಲ."

ಹೇಳಿದ ಅಮ್ಮ ಟವೆಲ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಎಸೆದಳು. ಸಿಕ್ಕಿಬಿದ್ದಮೇಲೆ ಇನ್ನೇನು ನಾಚಿಕೆ ಎಂಬಂತೆ ಪ್ಯಾಂಟಿನಲ್ಲೇ ಮಂಚದ ಅಂಚಿಗೆ ಕೂತಳು.

ಆಮೇಲೆ ಅಮ್ಮನ ದೂರು ಒಂದೊಂದೇ ಹೊರಬಿತ್ತು. ಮದುವೆಗೆ ಮುಂಚೆ ಅಪ್ಪ ಯೂರೋಪಿನ ನದಿ ದಂಡೆಯ ಒಂದು ಊರಿನಲ್ಲಿ ಬೇಸಿಗೆ ಕಳೆದು ಗಡಿಯಾರ ರಿಪೇರಿ ಕಲಿತದ್ದು, ಒಂದಲ್ಲ ಒಂದು ದಿನ ಆ ಬೀದಿಗಳಲ್ಲಿ ನಿನ್ನನ್ನು ನಡೆಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟದ್ದು ಮಗಳಿಗೂ ಗೊತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಎಷ್ಟು ಸಲ ಕೇಳಿದರೂ ಮಗಳು ಒಪ್ಪಿರಲಿಲ್ಲ. ಆಪರೇಷನ್ ಆದ ಮೊಣಕಾಲು, ಅಲ್ಲಿಯ ಕಲ್ಲು ಹಾಸಿದ ರಸ್ತೆ, ಬಿಸಿಲು, ಮುಂದಿನ ವರ್ಷ ನೋಡೋಣ… ಹೀಗೇ ತಳ್ಳಿಹಾಕಿದ್ದಳು. ಕೊನೆಗೆ ಅಮ್ಮ ಅಳಿಯನನ್ನು ಕೇಳಿದ್ದಳು. ಮಗಳಿಗೆ ಹೇಳಕೂಡದು, ಹೇಳಿದರೆ ಹೋಗಲು ಬಿಡುವುದಿಲ್ಲ ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದಳು.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಪ್ಪ ಸಾಯೋವಾಗ ಆಸ್ಪತ್ರೆ ಬಿಟ್ಟು ಓಡಿಹೋದ ಮನುಷ್ಯ ಅಮ್ಮಾ ಅವನು. ಅಂಥವನನ್ನ ನಂಬಿ…"

"ಓಡಿಹೋಗಿರ್ಲಿಲ್ಲ."

ಅಮ್ಮ ಶಾಲಿನ ಮಡಿಕೆಯನ್ನು ನೇವರಿಸಿದಳು.

"ನಿನ್ನಪ್ಪನೇ ಕಳಿಸಿದ್ರಂತೆ. ಬೆಳಿಗ್ಗೆ ಸ್ವಲ್ಪ ಗೆಲುವಾಗಿದ್ರಲ್ಲ, ಅದಕ್ಕೆ. ಟ್ರಾವೆಲ್ಸ್‌ನೋರ ಹತ್ರ ಹೋಗು, ನಾಲ್ಕು ಜನ ಆ ಊರಿಗೆ ಹೋಗೋಕೆ ಏನೇನು ಬೇಕು ಕೇಳ್ಕೊಂಡು ಬಾ ಅಂದ್ರಂತೆ. ಮಗಳಿಗೆ ಹೇಳ್ಬೇಡ, ಈ ಸ್ಥಿತಿಯಲ್ಲಿ ಇದೇನು ಹುಚ್ಚು ಅಂತ ಬೈತಾಳೆ ಅಂದ್ರಂತೆ. ಅವನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

ಅವಳ ಕಣ್ಣ ಮುಂದೆ ಆಸ್ಪತ್ರೆಯ ಆ ಉದ್ದನೆಯ ಕಾರಿಡಾರ್ ಬಂದು ನಿಂತಿತು. ಏದುಸಿರು ಬಿಡುತ್ತಾ ಬಂದ ಅವನು. ನೆಂಟರೆಲ್ಲರ ಎದುರು, ಹೇಡಿ, ಸಾವು ಕಂಡು ಓಡಿಹೋದೆ, ಇನ್ನು ನನ್ನ ಕಣ್ಣಿಗೆ ಬೀಳಬೇಡ ಎಂದು ಕೂಗಿದ ತಾನು. ಅವನು ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನೇ ಅವಳು ತಪ್ಪೊಪ್ಪಿಗೆ ಎಂದುಕೊಂಡಿದ್ದಳು.

ಅಮ್ಮನಿಗೂ ಇದು ತಿಳಿದದ್ದು ಹೋದ ತಿಂಗಳು. ಆ ಊರಿನ ಹೆಸರೆತ್ತಿದ್ದೇ ಅವನು ಮಗುವಿನಂತೆ ಅತ್ತು ಎಲ್ಲವನ್ನೂ ಹೇಳಿದ್ದನಂತೆ.

ಅಷ್ಟರಲ್ಲಿ ಹೊರಗಿನಿಂದ, "ಅತ್ತೆ, ಶೂ ತಂದೆ. ಹೀಲ್ಸ್ ಇಲ್ಲದ್ದು. ಕಾಲಿಗೆ ಕಚ್ಚುತ್ತಾ ನೋಡಿ, ಕಚ್ಚಿದ್ರೆ ನಾಳೆನೇ ಬದಲಾಯಿಸ್ತೀನಿ," ಎನ್ನುತ್ತಾ ಅವನು ಒಳಬಂದ.

ಬಾಗಿಲಲ್ಲೇ ನಿಂತುಬಿಟ್ಟ. ಅವಳ ಮುಖ ಕಂಡದ್ದೇ ಅವನಿಗೆ ಎಲ್ಲ ಅರ್ಥವಾಯಿತು. ಅಮ್ಮ ಶೂ ಪೆಟ್ಟಿಗೆ ಇಸಿದುಕೊಂಡು, ನಡುಮನೆಯಲ್ಲಿ ನಡೆದು ನೋಡುತ್ತೇನೆ ಎಂದು ಹೊರಗೆ ಹೋದಳು. ಹೋಗುವಾಗ ಬಾಗಿಲು ಎಳೆದುಕೊಂಡಳು.

"ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು. "ಒಂದೇ ಒಂದು ಮಾತು ಹೇಳಿದ್ದಿದ್ರೆ…"

ಅವನು ಸೂಟ್‌ಕೇಸಿನ ಆಚೆ ಬದಿಯಲ್ಲಿ ಕೂತ.

"ಏನಂತ ಹೇಳ್ಲಿ? ಮಾವ ಕೊನೇ ಆಸೆನ ನಿನ್ನಿಂದ ಮುಚ್ಚಿಟ್ಟಿದ್ದು ನೀನು ಬೈತೀಯ ಅಂತ ಹೆದರಿ. ಅದು ಗೊತ್ತಾದ್ರೆ ನೀನು ಬದುಕಿರೋವರೆಗೂ ನಿನ್ನನ್ನೇ ಬೈಕೊಳ್ತೀಯ. ಅದಕ್ಕಿಂತ ನನ್ನ ಬೈಯೋದೇ ವಾಸಿ ಅನ್ನಿಸ್ತು."

ಈ ದಿನ ಕಂಡ ಕೇಳಿದ ಯಾವುದೂ ಅವಳನ್ನು ಹೀಗೆ ನಡುಗಿಸಿರಲಿಲ್ಲ. ಎರಡು ವರ್ಷ ಇವನು ಹೇಡಿಯ ಪಟ್ಟ ಹೊತ್ತದ್ದು ನನಗೆ ನೋವಾಗಬಾರದೆಂದು. ನಾನು ಇವನ ಫೋನನ್ನೂ ಎತ್ತಿರಲಿಲ್ಲ…

ಅವಳು ಅತ್ತಳು. ಅಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಅವನು ಮಂಚ ಬಳಸಿ ಬಂದು ಪಕ್ಕದಲ್ಲಿ ನಿಂತ. ಮುಟ್ಟಲೋ ಬೇಡವೋ ಎಂದು ಅವನ ಕೈ ಗಾಳಿಯಲ್ಲೇ ತಡವರಿಸಿತು. ಅವಳೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ನನಗೆ ಬೈಯೋಕೆ ಮಾತ್ರ ಬರುತ್ತೆ," ಎಂದಳು. "ಕ್ಷಮಿಸು ಅಂತ ಕೇಳೋದು ಹೇಗೆ ಅಂತಾನೇ ಗೊತ್ತಿಲ್ಲ ನನಗೆ."

ಕೇಳಿದ್ದಾಯಿತಲ್ಲ ಎಂದ ಅವನು.

ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು, ನಾನೂ ಜೊತೆಗೆ ಬರಲಾ ಎಂದು ಕೇಳಿದಳು. ಹೊರಡಲು ಇನ್ನೂ ದಿನವಿದೆ, ಟಿಕೆಟ್ ಸಿಗುತ್ತದೆ, ಆದರೆ ಅತ್ತೆ ಈಗಲೇ ಪ್ಯಾಕ್ ಮಾಡಿ ನನ್ನ ಪ್ರಾಣ ತಿನ್ನುತ್ತಿದ್ದಾರೆ ಎಂದ ಅವನು. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಊರು ನೋಡೋಕೆ ಮಾತ್ರ ಕೇಳ್ತಿಲ್ಲ," ಎಂದಳು. "ನೀನು… ವಾಪಸ್ ಬರ್ತೀಯಾ?"

ಅವನು ಮಂಚದ ಕಂಬ ಹಿಡಿದುಕೊಂಡು ನಿಂತ.

"ನಾನು ಹೋಗಿದ್ದಾದರೂ ಎಲ್ಲಿಗೆ? ಪ್ರತಿ ಭಾನುವಾರ ಇಲ್ಲೇ ಇರ್ತಿದ್ದೆ. ನೀನು ಶನಿವಾರ ಬರ್ತೀಯ ಅಂತ ಅತ್ತೆ ಹೇಳಿದ್ರು. ನಿನಗೆ ಕಷ್ಟ ಆಗ್ಬಾರ್ದು ಅಂತ ಆ ದಿನ ಬಿಟ್ಟು ಬರ್ತಿದ್ದೆ."

ಅವಳು ಬೆರಗಾಗಿ ನೋಡಿದಳು. ಒಂದೇ ಮನೆ, ಒಂದೇ ಮೇಜು, ಒಂದು ರಾತ್ರಿಯಷ್ಟೇ ಅಂತರ.

"ಇವತ್ತು ಯಾವ ವಾರ?" ಎಂದು ಕೇಳಿದಳು.

"ಗುರುವಾರ."

"ಗುರುವಾರ ಇಬ್ಬರೂ ಇರಬಹುದಲ್ವಾ?"

ಅವನು ಅವಳ ಹಣೆಗೆ ಹಣೆ ತಾಗಿಸಿದ.

"ಇರಬಹುದು ಕಣೇ."