ಡಬ್ಬಿಯ ತಾಮ್ರ

"ಆ ಡಬ್ಬಿ ಒಂದನ್ನ ಬಿಟ್ಟು ಏನು ಬೇಕಾದ್ರೂ ತಗೋಮ್ಮ," ಎಂದರು ಮಾವ. "ಅದರಲ್ಲಿರೋ ತಾಮ್ರ ಚಿನ್ನಕ್ಕೆ ಸೇರಬಾರದು."

ಸೊಸೆ ನಕ್ಕುಬಿಟ್ಟಳು. ನಾಲ್ಕು ವರ್ಷ ಲೋಹಶಾಸ್ತ್ರ ಓದಿದವಳು. ಮಾವನ ಕಣ್ಣು ಮಂಜಾದ ಮೇಲೆ ಮನೆಯ ಮುಂಭಾಗದಲ್ಲಿದ್ದ ಆ ಪುಟ್ಟ ಚಿನ್ನದ ಕೆಲಸದ ಕೋಣೆ ಅವಳ ಕೈಗೆ ಬಂದು ತಿಂಗಳೂ ಆಗಿರಲಿಲ್ಲ.

"ಯಾಕೆ, ಚಿನ್ನ ಬೇಜಾರು ಮಾಡ್ಕೊಳ್ಳುತ್ತಾ?"

ಮಾವ ನಗಲಿಲ್ಲ. "ನಮ್ಮಪ್ಪ ಒಬ್ಬ ಹೆಂಗಸಿನ ಚಿನ್ನ ಕದ್ದು, ಬಳೆಗೆ ತಾಮ್ರ ತುಂಬಿದ್ದ. ಮಗಳ ಔಷಧಿಗೆ ಅಂತ ಅವಳು ಆ ಬಳೆ ಮಾರೋಕೆ ಹೋದಾಗ ಮೋಸ ಗೊತ್ತಾಯ್ತು. ಅಷ್ಟರಲ್ಲಿ ಮಗು ಹೋಗಿತ್ತು. ಒಂದು ತಾಮ್ರದ ತುಂಡಿಗೆ ಮಾಟ ಮಾಡಿಸಿ, ಈ ಬಾಗಿಲೊಳಗೆ ಎಸೆದು ಹೋದಳು. ಅಪ್ಪ ಕೇರ್ ಮಾಡಲಿಲ್ಲ. ಅದರದೇ ಒಂದು ಚೂರು ಬೆರೆಸಿ ನನ್ನ ತಂಗಿಗೆ ಬಳೆ ಮಾಡಿದ. ಮೂರನೇ ದಿನ ತಂಗಿ ತಣ್ಣಗಾದಳು."

"ಹಾಗಾದ್ರೆ ಎಸೀಬಾರದಾ?"

"ಎಸೆದ್ರೆ ಇನ್ಯಾರೋ ಚಿನ್ನ ಕರಗಿಸೋ ಮೂಸೆಗೆ ಬೀಳುತ್ತೆ. ಕಾವಲು ಕೂತಿದೀನಿ, ಅಷ್ಟೇ."

"ಲೋಹಕ್ಕೆ ಕಿವಿ ಇಲ್ಲ ಮಾವ, ಶಾಪ ಕೇಳಿಸ್ಕೊಳ್ಳೋಕೆ."

ಒಂದು ಮಧ್ಯಾಹ್ನ ಐದು ವರ್ಷದ ಮಗಳಿಗೆ ಬಳೆ ಮಾಡಲು ಕುಳಿತಳು. ತವರಿನಿಂದ ಬಂದ ಅಪರಂಜಿ ಹನ್ನೊಂದು ಗ್ರಾಂ. ಗಟ್ಟಿಯಾಗಲು ಅರ್ಧ ಗ್ರಾಂ ಬೆಳ್ಳಿ, ಅರ್ಧ ಗ್ರಾಂ ತಾಮ್ರ ಬೆರೆಸಬೇಕು. ಬೆಳ್ಳಿಯಿತ್ತು. ತಾಮ್ರದ ತಂತಿ ಮುಗಿದಿತ್ತು. ಒಳಗಿನಿಂದ ಮಾವನ ಗೊರಕೆ ಕೇಳುತ್ತಿತ್ತು. ಡಬ್ಬಿ ತೆರೆದಳು.

ಕಪ್ಪು ಬಟ್ಟೆ. ಕಮಟು ಎಣ್ಣೆಯ ವಾಸನೆ. ಅದರೊಳಗೆ ಈಗಷ್ಟೇ ಉಜ್ಜಿ ತೊಳೆದಂತೆ ಕೆಂಪಗೆ ಹೊಳೆಯುವ ತಾಮ್ರ. ಇಷ್ಟು ವರ್ಷವಾದರೂ ಕಿಲುಬಿನ ಒಂದು ಚುಕ್ಕೆಯಿಲ್ಲ. 'ಎಂಥ ಚೊಕ್ಕ ಮಾಲು!' ಎಂದುಕೊಂಡು ಚೂರು ಕತ್ತರಿಸಿದಳು.

ಮೂಸೆ ಕೆಂಪಾಯಿತು. ಚಿನ್ನ ಕರಗಿ ಗುಂಡಗೆ ಕಣ್ಣುಗುಡ್ಡೆಯಂತೆ ನಡುಗಿತು. ತಾಮ್ರದ ಚೂರು ಬಿದ್ದದ್ದೇ ತಡ, ಕೂದಲು ಸುಟ್ಟ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಗಾಬರಿಯಿಂದ ಜಡೆ ಮುಟ್ಟಿ ನೋಡಿಕೊಂಡಳು. ಜಡೆಗೆ ಏನೂ ಆಗಿರಲಿಲ್ಲ. ಬೆಂಕಿಯ ಮೊರೆತದಡಿಯಲ್ಲಿ ಯಾರೋ ಬಿಕ್ಕಿದ ಹಾಗಾಯಿತು. ಫ್ಯಾನಿನ ಸದ್ದಿರಬೇಕು ಎಂದು ಎರಕ ಹೊಯ್ದಳು.

ಮರುದಿನ ಬೆಳಿಗ್ಗೆ ಬಳೆ ತೊಟ್ಟ ಮಗಳು ಕುಣಿದಾಡಿದಳು. "ಅಮ್ಮಾ, ಇದು ಬೆಚ್ಚಗಿದೆ!"

ಮೂರನೆಯ ದಿನದ ಹೊತ್ತಿಗೆ ಬಳೆ ಮಾತ್ರ ಬೆಚ್ಚಗಿತ್ತು. ಮಗುವಿನ ಬೆರಳು ಮಂಜುಗಡ್ಡೆಯಾಗಿತ್ತು, ತುಟಿ ನೀಲಿಗಟ್ಟಿತ್ತು. ಗಂಡ ಡಾಕ್ಟರನ್ನು ಕರೆತರಲು ಓಡಿದ. ಅವಳು ಬಳೆ ಎಳೆದಳು. ಬರಲಿಲ್ಲ. ಸಡಿಲವಾಗಿದ್ದ ಬಳೆ ಚರ್ಮಕ್ಕೆ ಕಚ್ಚಿಕೊಂಡಿತ್ತು. ಇಕ್ಕಳ ಜಾರಿತು. ಗರಗಸದ ಅಲಗು ಪಟ್ಟನೆ ತುಂಡಾಯಿತು.

ಗೋಡೆ ತಡವುತ್ತಾ ಮಾವ ಬಂದರು. ಮೊಮ್ಮಗಳ ಮಣಿಕಟ್ಟು ಮುಟ್ಟಿ, ಹಾವು ತುಳಿದವರಂತೆ ಹಿಂದೆ ಸರಿದರು.

"ಹಾಕಿದ್ಯಾ?"

"ಅರ್ಧ ಗ್ರಾಂ ಅಷ್ಟೇ ಮಾವ... ನಿಮ್ಮ ತಂಗಿಗೆ ಆಗ ಏನು ಮಾಡಿದ್ರಿ? ಬೇಗ ಹೇಳಿ!"

"ಏನೂ ಮಾಡಲಿಲ್ಲ. ಬೆರೆಸಿದವರು ತಮ್ಮ ಕೈಯನ್ನ ಅದಕ್ಕೆ ಒಪ್ಪಿಸಿದರೆ ಮಗೂನ ಬಿಡುತ್ತೆ ಅಂತ ಆ ಹೆಂಗಸು ಅಂದೇ ಹೇಳಿ ಹೋಗಿದ್ದಳು. ಅಪ್ಪನಿಗೆ ಮಗಳಿಗಿಂತ ಕೈ ದೊಡ್ಡದಾಯ್ತು."

ಮಗುವಿನ ಉಸಿರು ಎಳೆಯಿತು. ನಿಂತಿತು. ಮತ್ತೆ ಎಳೆಯಿತು.

ಅವಳು ಬಲಗೈಯಿಂದ ಬಳೆಯನ್ನು ಬಿಗಿಯಾಗಿ ಹಿಡಿದಳು. "ಬೆರೆಸಿದ್ದು ನಾನು. ಮಗು ಏನು ಮಾಡಿತ್ತು? ನನ್ನ ಹತ್ರ ಬಾ."

ಏನೂ ಆಗಲಿಲ್ಲ.

"ಬಾ!"

ಬಳೆ ಮಿಡಿಯಿತು. ಕಿರುಬೆರಳು ಜೋಮು ಹಿಡಿಯಿತು. ಆಮೇಲೆ ಉಂಗುರ ಬೆರಳು. ಚಳಿ ಮೂಳೆಗೆ ಇಳಿಯಿತು. ಮೊಣಕೈಗೆ ಏರಿತು. ಹೆಗಲು. ಕೈ ಬಿಡಲಿಲ್ಲ. ಕೂದಲು ಸುಟ್ಟ ನಾತ. ಕಿವಿಯ ಪಕ್ಕದಲ್ಲೇ ಯಾರೋ ಉಸಿರಾಡಿದರು. ದಣಿದ ಹೆಂಗಸಿನ ದನಿ.

"ನನ್ನ ಮಗೂನೂ ಹೀಗೇ ತಣ್ಣಗಿತ್ತು."

ಟಪ್! ಬಳೆ ಎರಡು ಹೋಳಾಯಿತು. ಮಗು ಕಿರುಚಿ ಅತ್ತಿತು. ಆ ಅಳು ಕೇಳಿ ಮಾವ ನೆಲದ ಮೇಲೆ ಕುಸಿದು ಕೂತರು.

ಡಾಕ್ಟರು ಮಗುವನ್ನು ನೋಡಿ, ಏನೂ ತೊಂದರೆಯಿಲ್ಲ ಎಂದರು. ತಾಯಿಯ ಬಲಗೈಗೆ ಸೂಜಿ ಚುಚ್ಚಿ ನೋಡಿ, ಸ್ಪರ್ಶ ಸತ್ತಿದೆ ಎಂದರು. ಅದು ಮತ್ತೆ ಇಕ್ಕಳ ಹಿಡಿಯಲಿಲ್ಲ. ಮೂಸೆಯ ಕಾವು ಅದಕ್ಕೆ ತಿಳಿಯಲಿಲ್ಲ. ದಿನವಿಡೀ ಮಡಿಲಲ್ಲಿ ಮರದ ಕೊರಡಿನಂತೆ ಬಿದ್ದಿರುತ್ತಿತ್ತು.

ಮಗಳು ಹತ್ತಿರ ಬಂದಾಗ ಮಾತ್ರ ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು. ತಾಯಿ ಹೇಳದೆಯೇ ಆ ಕೈ ಮಗುವಿನ ತಲೆಯ ಕಡೆ ಚಾಚುತ್ತಿತ್ತು, ತುಂಬಾ ಮೆತ್ತಗೆ. ಎಡಗೈಯಿಂದ ಅದನ್ನು ಒತ್ತಿ ಹಿಡಿದು ಅವಳು ಬೆವರುತ್ತಿದ್ದಳು.

"ಆ ಆಂಟಿ ಕೈ ಬೇಡಮ್ಮ," ಎನ್ನುತ್ತಿದ್ದಳು ಮಗಳು. "ನಿನ್ನ ಕೈಯಲ್ಲಿ ತಲೆ ಬಾಚು."